ಹಾಲೆಮನೆ

ಮದ್ದೂರು
ಬುದ್ವಾರ, 12 ಮಾರ್ಚ್ 2025

ಅಕ್ಕ,

ಅಡ್ಬಿದ್ದೆ ಕಣಕ್ಕ. ಬಾವಂಗೂ ಯೋಳು. ಅರುಂಧತಿ ಮರಿಗೆ ಕೆಮ್ಮು ನಿಂತಾ? ನೀನು ಬ್ಲಫ್ ಪವರ್ ಔಸ್ ಕ್ವಾಟ್ರಸಿಂದ ಸೋಮವಾರದಿಂದ ಫೋನ್ ಮಾಡ್ತಾನೇ ಇದ್ದೀಯ, ನಾನು ಎತ್ತಿಲ್ಲ. ತೆಪ್ಪು ನಂದೇ. ಎತ್ತಿದ್ರೆ ನೀನು ಸ್ಪೀಕರ್ ಆಕ್ತೀಯ. ನಿಮ್ ಮನೇಲಿ ಯಾವ ಫೋನ್ ಬಂದ್ರೂ ಸ್ಪೀಕರೇ. ಪವರ್ ಔಸಿಂದ ಬಂದು ಬಾವ ಒಂದ್ ಕಡೆ, ಪಕ್ಕದ ಮನೆ ಒಂಬಾಳಮ್ಮ ಇನ್ನೊಂದ್ ಕಡೆ ಕುಂತ್ಕಂಡು ಕೇಳ್ತಾರೆ, ಮಧ್ಯ ಮಧ್ಯ ಬುದ್ಧಿ ಬೇರೆ ಯೋಳ್ತಾರೆ. ಇದು ಅಂಗೆ ಕೇಳೋ ಮಾತಲ್ಲ. ಅದಕ್ಕೇ ಬರೀತಿವ್ನಿ.

ನಾನು ಮದ್ದೂರಲ್ಲಿ ಚಲುವರಾಜು ತಾವ ಇವ್ನಿ, ನನ್ ಜೊತೆ ಇಸ್ಕೂಲಿಗ್ ಬತ್ತಿದ್ನಲ್ಲ, ಈಗ ಮೋಟ್ರು ವೈಂಡಿಂಗ್ ಅಂಗ್ಡಿ ಇಟ್ಟವ್ನೆ, ಅವನು. ಅವನ ಅಂಗ್ಡೀಲೇ ಕುಂತ್ಕಂಡ್ ಬರೀತಿವ್ನಿ. "ಏನ್ಲಾ, ಲವ್ ಲೆಟ್ರಾ?" ಅಂದ. ನಮ್ಮಕ್ಕಂಗೆ ಕಣ್ಲಾ ಅಂದೆ. "ಅಕ್ಕಂಗ್ ಯಾವನ್ಲಾ ಕಾಗ್ದ ಬರೀತಾನೆ, ಏನೋ ಕಿತಾಪತಿ ಮಾಡಿದ್ದೀಯ" ಅಂದ. ಬಡ್ಡೆತ್ತದ್ದಕ್ಕೆ ವಾಸನೆ ಗೊತ್ತಾಗ್ಬುಡ್ತದೆ.

ನೀನು ಕಳ್ಸಿದ್ ವಾಯ್ಸ್ ಮೆಸೇಜ್ ಕೇಳ್ದೆ. ನಮ್ ಏಜೆನ್ಸಿ ಸೂಪರ್‌ವೈಜರು ಬಾವಂಗೆ ಫೋನ್ ಮಾಡಿ, ನಿಮ್ ಬಾಮೈದ ಕೆಲ್ಸಕ್ಕೆ ಬತ್ತಿಲ್ಲ, ಸೆಮಿನಾರ್ ಆಲ್ ಬೀಗದ ಕೈ ಜೇಬಲ್ಲಿಟ್ಕಂಡು ಓಡೋಗವ್ನೆ, ಈ ವಾರ ಬರ್ಲಿಲ್ಲ ಅಂದ್ರೆ ಬೇರೆಯೋನ್ ಆಕ್ಕತೀವಿ ಅಂದ್ನಂತೆ. ಕುಡ್ದವ್ನಾ, ಯಾರಿಗಾರ ಒಡ್ದವ್ನಾ ಅಂತ ಬಾವ ಕೇಳಿದ್ರಂತೆ. ಎರಡೂ ಅಲ್ಲ ಅಂತ ಯೋಳು. ಒಡ್ದಿದ್ರೆ ಎದೆ ಎತ್ಕಂಡು ಬಂದು ನಿಮ್ ಮುಂದೆ ನಿಂತ್ಕತಿದ್ದೆ.

ಇನ್ನೊಂದ್ ಮಾತು. ನಾನು ಬರೆಯೋದ್ರಲ್ಲಿ ಹ ಇಲ್ಲ ಅಂತ ನಿಂಗೆ ಕಾಣ್ತದೆ. ಬರೆಯಾಕೆ ಬರಲ್ಲ ಅಂತಲ್ಲ. ಬಾಯಲ್ಲಿ ಇಲ್ದೇ ಇರೋದನ್ನ ಕೈಯಲ್ಲಿ ಯಾಕೆ ಬರೀಲಿ ಅಂತ. ಎಲ್ಲಾರ ಹ ಕಂಡ್ರೆ ಅದು ಬೇಕಂತಲೇ ಆಕಿರೋದು, ಅಲ್ಲಿ ಒಸಿ ನಿಂತ್ಕಂಡು ಓದು. ಇವತ್ತಿನ್ ಕತೆ ಎಲ್ಲಾ ಆ ಒಂದು ಅಕ್ಸರದ್ದೇ.

ನೀನು ಊರಲ್ಲೆಲ್ಲ "ನನ್ ತಮ್ಮ ಮಂಡ್ಯದಲ್ಲಿ ಯೂನಿವರ್ಸಿಟೀಲಿ ಅವ್ನೆ" ಅಂತೀಯ. ಅಲ್ಲಿಗ್ ನಿಲ್ಲಿಸ್ತೀಯ, ಮುಂದುಕ್ಕೆ ಯೋಳಲ್ಲ. ನಾನ್ ಯೋಳ್ತೀನಿ. ಸೆಮಿನಾರ್ ಆಲಲ್ಲಿ ಅಟೆಂಡರು. ಕುರ್ಚಿ ಜೋಡ್ಸದು, ನೀರಿನ್ ಬಾಟ್ಲಿ ಮಡಗದು, ಮೈಕು, ಸ್ಪೀಕರು, ಪ್ರೊಜೆಕ್ಟರು. ಪೆನ್‌ಡ್ರೈವ್ ಓಪನ್ ಆಯ್ತಿಲ್ಲ ಅಣ್ಣ ಅಂತ ಸ್ಟೂಡೆಂಟು ಕಣ್ಣೀರಾಕ್ತಾ ಬಂದ್ರೆ ಓಪನ್ ಮಾಡಿ ಕೊಡದು. ಕೈ ನಡುಗ್ತಿದ್ರೆ ನೀರ್ ಕುಡಿ ಅನ್ನದು. ಎಲ್ಲಾ ಸರ್ಯಾಗ್ ನಡೆದ್ರೆ ನಾನೊಬ್ಬ ಇವ್ನಿ ಅಂತ್ಲೇ ಯಾರ್ಗೂ ಗೊತ್ತಾಗಲ್ಲ. ಮೈಕು ಕುಯ್ ಅಂದ್ರೆ ಮಾತ್ರ ಆಲಿಗ್ ಆಲೇ ಇಂದಕ್ಕೆ ತಿರುಗಿ "ಸಿದ್ದೇಶ್" ಅಂತದೆ. ಅಷ್ಟೊತ್ತಿಗೆ ಮಾತ್ರ ನನ್ನೆಸ್ರು ಎಲ್ಲಾರ್ಗೂ ನೆಪ್ಪಿರ್ತದೆ.

ಅಲ್ಲೇ ಕಸ ಗುಡ್ಸೋ ಪಟ್ಟಲಮ್ಮ ಅಂತ ಒಬ್ರವ್ರೆ. ನಮ್ಮವ್ವ ಇದ್ದಿದ್ರೆ ಅವಮ್ಮನ ವಯಸ್ಸೇ ಆಗಿರೋದು. ಮೆಟ್ಲು ಕೆಳ್ಗೆ ಪೊರಕೆ ಬಕೆಟ್ಟು ಮಡಗೋ ಗೂಡು ಒಂದದೆ, ಅದ್ರಲ್ಲಿ ಒಂದ್ ಚಾಪೆ ಆಸವ್ರೆ. ತಿಂಡಿ ತಿನ್ದೇ ಬಂದ ಉಡ್ಗೀರು, ಜ್ವರ ಬಂದೋರು, ಯಾರ ಮುಖಾನೂ ನೋಡಕ್ ಇಷ್ಟ ಇಲ್ದೋರು ಎಲ್ಲಾ ಅಲ್ಲಿಗೇ ಬತ್ತಾರೆ. ಅವಮ್ಮ ಏನೂ ಕೇಳಲ್ಲ. ತಾನು ಕಟ್ಕಂಡ್ ಬಂದಿರೋ ರಾಗಿ ಇಟ್ಟು ಮುರುದು ಕೊಡ್ತದೆ. ಜನವರೀಲಿ ಒಂದಿನ ಅಲ್ಲಿಗೆ ಒಂದು ಉಡ್ಗಿ ಬಂದು ಕುಂತ್ಲು, ಏಳ್ಲೇ ಇಲ್ಲ.

ಎಸ್ರು ದೀಪಿಕ. ಮಳವಳ್ಳಿ ಕಡೆಯೋಳು. ಇಕನಾಮಿಕ್ಸ್ ಎಂ.ಎ. ಓದ್ತಾ ಅವ್ಳೆ. ಅವ್ರವ್ವ ಬೆಲ್ಲ ಕಾಯ್ಸೋ ಆಲೆಮನೇಲಿ ಕೂಲಿ. ಕ್ಲಾಸಲ್ಲಿ ಮೊದ್ಲ ಸಲ ನಿಲ್ಸಿ ಮಾತಾಡ್ಸವ್ರೆ. ಇವ್ಳ್ಗೆ ನಮ್ಮಂಗೇ ಹ ಬರಲ್ಲ. ಅದು ಗೊತ್ತಿರೋದ್ರಿಂದ ಎದ್ರಿಕೆ, ಎಲ್ಲಿ ಬುಟ್ಟೋಯ್ತದೋ ಅಂತ ಬ್ಯಾಡ್ದಿರೋ ಕಡೆ ಎಲ್ಲಾ ಆಕ್ಬುಟ್ಟವ್ಳೆ. ಆದಾಯ ಅನ್ನೋದ್ನ "ಹಾದಾಯ" ಅಂದವ್ಳೆ. ದುಡ್ಡಿಗೆ ಮಾತ್ರ "ಅಣ" ಅಂದವ್ಳೆ. ಇಕನಾಮಿಕ್ಸಲ್ಲಿ ಇರೋದೇ ಆ ಎರಡು ಮಾತು, ಅಲ್ವಾ. ಅವತ್ತಿಂದ ಅವ್ಳು ಎಲ್ಲಿ ಓದ್ರೂ "ಹಾದಾಯ ತೆರಿಗೆ ಬಂತು, ಜೇಬು ನೋಡ್ಕಳ್ರೋ" ಅನ್ನೋರು.

ಅದನ್ನ ಕಟ್ಟಿದ್ದು ಅಂಬರೀಶ ಅಂತ ಒಬ್ಬ. ಅವ್ನೇನ್ ಮೈಸೂರೋನಾ, ಬೆಂಗ್ಳೂರೋನಾ? ಇಲ್ಲೇ ಮಂಡ್ಯ ಪಕ್ಕದ್ ದುದ್ದದೋನು ಕಣಕ್ಕ. ಅವನೇ ಕಾರಿಡಾರಲ್ಲಿ ನಿಂತ್ಕಂಡು ಫೋನಲ್ಲಿ ಅವ್ರವ್ವಂಗೆ "ಊಟಕ್ ಕಾಯ್ಬ್ಯಾಡ, ಒತ್ತಾಯ್ತದೆ ಬರೋದು" ಅನ್ನೋದ್ನ ನನ್ ಕಿವೀಲಿ ಕೇಳಿವ್ನಿ. ಕ್ಲಾಸೊಳಗ್ ಓದ್ರೆ ಮಾತ್ರ ನಾಲ್ಗೆ ಇಸ್ತ್ರಿ ಮಾಡ್ಸ್ಕಂಡ್ ಬತ್ತಾನೆ. ಥೂ.

ಗೈಡ್ ಮೇಡಂ ಕೆಟ್ಟೋರಲ್ಲ. ಅವ್ರು ಒಂದ್ ಚೀಟೀಲಿ "ಉಚ್ಚಾರಣೆ ಸುಧಾರಿಸಬೇಕು" ಅಂತ ಬರ್ದು ಕೊಟ್ರಂತೆ. ಎಂಗ್ ಸುಧಾರಿಸೋದು ಅಂತ ಬರೀಲಿಲ್ಲ. ಮಾರ್ಚಲ್ಲಿ ಇನ್ನೊಂದ್ ಸೆಮಿನಾರು, ಒರ್ಗಿಂದ ಎಗ್ಸಾಮಿನರ್ ಬತ್ತಾರೆ. "ಅವತ್ತು ನಿಂತ್ಕಂಡ್ ಮಾತಾಡಕ್ ಆಗ್ಲಿಲ್ಲ ಅಂದ್ರೆ ಟಿ.ಸಿ. ಇಸ್ಕಂಡ್ ಓಯ್ತೀನಿ. ಅವ್ವನ್ ಜೊತೆ ಕಬ್ಬು ಒರೋದೇ ವಾಸಿ, ಅಲ್ಲಿ ಯಾರೂ ನನ್ನ ಮಾತಾಡು ಅನ್ನಲ್ಲ" ಅಂದ್ಲು. ನಾನೂ ಅಂಗೇ ಬುಟ್ಟೋನಲ್ವಾ, ಒಂಬತ್ತನೇ ಕ್ಲಾಸಲ್ಲಿ.

ಪಟ್ಟಲಮ್ಮ ನನ್ ಕಡೆ ತಿರುಗ್ತು. "ಸಿದ್ದೇಸ, ಮದ್ಯಾನ ಆ ಮೈಕು ಸುಮ್ನೆ ಕುಂತಿರ್ತದಲ್ಲ, ಈ ಮಗೀಗೆ ಕೊಡು, ಮಾತಾಡಿ ಅಭ್ಯಾಸ ಮಾಡ್ಕಳ್ಲಿ."

"ಕೇಳ್ದೋರ್ಗೆಲ್ಲ ಕೊಡಾಕೆ ಮೈಕೇನ್ ನಮ್ಮಪ್ಪಂದಾ?"

"ನಿಮ್ಮಪ್ಪಂದಾಗಿದ್ರೆ ನಾನ್ ಕೇಳ್ತಿರ್ಲಿಲ್ಲ ಬುಡು, ಆ ಮಾರಾಯ ಕೊಡ್ತಿರ್ಲಿಲ್ಲ."

ಅಪ್ಪನ್ ಕಂಡವ್ರಂಗೆ ಯೋಳ್ತು ನೋಡು. ನಗು ಬಂತು. ಕೊಟ್ಟೆ.

ದಿನಾ ಮದ್ಯಾನ ಊಟದ್ ಒತ್ತಲ್ಲಿ ಆಲ್ ಖಾಲಿ. ಯಾರಾರ ಕೇಳಿದ್ರೆ ಮೈಕ್ ಟೆಸ್ಟಿಂಗ್ ಅಂತಿದ್ದೆ. ಅವ್ಳು ಸ್ಟೇಜ್ ಮೇಲೆ, ನಾನು ಇಂದ್ಗಡೆ ಆಂಪ್ಲಿಫೈಯರ್ ತಾವ, ಪಟ್ಟಲಮ್ಮ ನಡುವಲ್ಲಿ ಕುರ್ಚಿ ಒರೆಸ್ತಾ. ನಾಕೈದ್ ದಿನ ಆದ್ಮೇಲೆ ನಾನೊಂದ್ ಕಂಡಿಡ್ದೆ. ಹ ಅಂದ್ರೆ ಉಸ್ರು ಕಣಕ್ಕ, ಬೇರೇನಲ್ಲ. ಆ ಉಸ್ರು ಮೈಕಿಗೆ ಬಡಿದ್ರೆ ಆಂಪ್ಲಿಫೈಯರಲ್ಲಿ ಕೆಂಪು ಲೈಟು ಟಪ್ ಅಂತ ಅತ್ಕತದೆ. ಅ ಅಂದ್ರೆ ಅತ್ಕಳಲ್ಲ. ಆಂಪ್ಲಿಫೈಯರ್ನ ಸ್ಟೇಜ್ ಕಡೆ ತಿರುಗ್ಸಿ ಮಡಗ್ದೆ. "ಲೈಟ್ ನೋಡು ದೀಪಿಕ, ಅತ್ಕಂಡ್ರೆ ಹ ಬಂತು ಅಂತ ಲೆಕ್ಕ" ಅಂದೆ. ಅವ್ಳು "ಹಣ" ಅಂದ್ಲು, ಲೈಟ್ ಅತ್ಕತು. "ಹೊಲ" ಅಂದ್ಲು, ಅತ್ಕತು. ಮಕ್ಕಳಂಗೆ ನಕ್ಲು. ನಾನೂ ಒಬ್ನೇ ಇದ್ದಾಗ ಓಗಿ ಮೈಕ್ ಮುಂದೆ ನಿಂತು "ಹಸು" ಅಂದು ನೋಡ್ದೆ. ಅತ್ಕತು. ಯಾವ್ ಮೇಷ್ಟ್ರೂ ಕೊಡ್ದೇ ಇದ್ದದ್ನ ಆ ಡಬ್ಬ ಕೊಡ್ತು.

ತಲೆ ತಿರುಗ್ಬುಡ್ತು ಕಣಕ್ಕ ನಂಗೆ. ಮೇಷ್ಟ್ರಾಗ್ಬುಟ್ಟೆ. ಲೈಟ್ ಅತ್ಕಳ್ಲಿಲ್ಲ ಅಂದ್ರೆ ಗದರ್ತಿದ್ದೆ. ಅವ್ಳೂ ಬಿಡ್ದೆ ಲೈಟ್ ನೋಡ್ಕಂಡೇ ಮಾತಾಡ್ತಿದ್ಲು. ಬತ್ತಾ ಬತ್ತಾ ಎಲ್ಲಾ ಮಾತ್ಗೂ ಲೈಟ್ ಅತ್ಕಳ್ಳಾಕ್ ಸುರುವಾಯ್ತು. ನಂಗೆ ಅದು ಕಾಣ್ಲೇ ಇಲ್ಲ. ಪಟ್ಟಲಮ್ಮಂಗ್ ಕಾಣ್ತು. "ಈ ಮಗ ಮಾತಾಡೋದ್ ನೋಡಿದ್ರೆ ಬೆಟ್ಟ ಅತ್ತಿ ಬಂದೋರಂಗೆ ಏದುಸ್ರು ಬುಡ್ತದೆ. ಮನೇಲ್ ಮಾತಾಡ್ದಂಗೆ ಮಾತಾಡ್ಲಿ ಬುಡೋ, ಅವ್ರವ್ವನ್ ಕತೆ ತಾನೇ ಯೋಳೋದು" ಅಂತು. ನಾನು ಏನಂದೆ ಗೊತ್ತಾ? "ಇದೆಲ್ಲಾ ನಿಂಗ್ ಗೊತ್ತಾಗಲ್ಲ, ನೀನು ಕಸ ಗುಡ್ಸು" ಅಂದೆ. ಅವಮ್ಮ ಪೊರಕೆ ಎತ್ಕಂಡು ಗುಡುಸ್ತು. ಎಲ್ಲಾ ಪ್ರೊಫೆಸರ್‌ಗಳು ನಂಗ್ ಅನ್ನೋದ್ನ ನಾನು ಅವಮ್ಮಂಗ್ ಅಂದೆ.

ಓದ್ ಸನಿವಾರ ಸೆಮಿನಾರು. ಆಲ್ ತುಂಬೋಗಿತ್ತು. ಮುಂದ್ಗಡೆ ಎಗ್ಸಾಮಿನರು, ಮೇಡಂ. ದೀಪಿಕ ಅವ್ರಕ್ಕನ ಸೀರೆ ಉಟ್ಕಂಡ್ ಬಂದಿದ್ಲು. ಸ್ಟೇಜ್ ಅತ್ತೋ ಮುಂಚೆ ನನ್ ತಾವ ಬಂದು "ಅಣ್ಣ, ಲೈಟು ನಂಗ್ ಕಾಣಂಗೆ ಮಡಗಿ" ಅಂದ್ಲು. ಮಡಗ್ದೆ. ಎಗ್ಸಾಮಿನರು ಪ್ರಶ್ನೆ ಕೇಳಾಕೆ ಅಂತ ವೈರಿಲ್ದಿರೋ ಮೈಕ್ ಇನ್ನೊಂದಿತ್ತು, ಅದನ್ನ ಆನ್ ಮಾಡಿ ಕೈಯಲ್ಲಿ ಇಡ್ಕಂಡು ನಿಂತಿದ್ದೆ.

ಅವ್ಳು ಸುರು ಮಾಡಿದ್ಲು. "ಎಲ್ಲರಿಗೂ ನಮಸ್ಕಾರ. ನನ್ನ ವಿಷಯ, ಹಾಲೆಮನೆಯಲ್ಲಿ ದುಡಿಯುವ…"

ನಾನು ಲೈಟ್ ನೋಡ್ತಿದ್ದೆ. ಅತ್ಕತು. ಖುಸಿಯಾಯ್ತು ಕಣಕ್ಕ ನಂಗೆ, ದೇವ್ರಾಣೆ. ಆಮೇಲೆ ಮಾತು ಕಿವಿಗ್ ಬಿತ್ತು. ಹಾಲೆಮನೆ.

ಆಲೆಮನೆ ಅನ್ನೋ ಮಾತಲ್ಲಿ ಹ ಎಲ್ಲದೆ? ಮಂಡ್ಯದಲ್ಲಿ ಉಟ್ಟಿದ್ ಕೂಸು ಸೈತ ಆ ಮಾತ್ನ ತೆಪ್ಪಾಗ್ ಅನ್ನಲ್ಲ. ಕಬ್ಬು ಅರಿಯೋ ಸಬ್ದ ಕೇಳ್ಕಂಡೇ ಬೆಳ್ದಿರೋಳು ಅವ್ಳು. ಜನವರೀಲಿ ಕೇಳಿದ್ರೂ ಸರ್ಯಾಗೇ ಅಂತಿದ್ಲು. ಅದನ್ನ ಕೆಡ್ಸಿದ್ದು ಆ ಲೈಟು, ಅಂದ್ರೆ ನಾನು.

ಇಡೀ ಆಲು ನಗಾಡ್ತು. ಅಂಬರೀಶ "ಅಲ್ಲಿ ಹಾಲು ಕಾಯಿಸ್ತಾರಾ?" ಅಂದ. ಅದೂ ತಡೀಬೋದಿತ್ತು. ಅಷ್ಟ್ರಲ್ಲಿ ಸ್ಪೀಕರಲ್ಲಿ ಒಂದು ನಗು ಬಂತು. ನಾಕೂ ಮೂಲೆ ಸ್ಪೀಕರಿಂದ, ಎಲ್ಲಾರ್ಗಿಂತ ಜೋರಾಗಿ, ಗೊಳ್ ಅಂತ. ಯಾವನ್ಲಾ ಅವನು ಅಂತ ತಲೆ ಎತ್ತಿ ನೋಡ್ದೆ. ಎಲ್ಲಾರೂ ಇಂದಕ್ಕೆ ತಿರುಗಿ ನನ್ನೇ ನೋಡ್ತಾವ್ರೆ. ಮೈಕ್ ನನ್ ಬಾಯಿ ತಾವ ಇತ್ತು. ಆ ನಗು ನಂದು.

ಅವ್ಳೂ ನೋಡಿದ್ಲು.

ನಾನು ಮೈಕ್ ಆಫ್ ಮಾಡ್ದೆ. ಈಗ ಓಡೋಯ್ತಾಳೆ, ಟಿ.ಸಿ. ಇಸ್ಕತಾಳೆ, ಮುಗೀತು ಅನ್ಕಂಡೆ. ಅವ್ಳು ಓಡ್ಲಿಲ್ಲ. ಕೈಯಲ್ಲಿದ್ದ ಪೇಪರ್ನ ಟೇಬಲ್ ಮೇಲೆ ಮಗುಚಾಕಿದ್ಲು. "ಆಲೆಮನೆ. ನಮ್ಮವ್ವ ಅಲ್ಲೇ ಕೆಲ್ಸ ಮಾಡೋದು. ನಾವ್ ಮಾತಾಡೋದು ಇಂಗೇಯ. ನಗೋರು ಒರ್ಗೋಗಿ ನಕ್ಕಂಡ್ ಬನ್ನಿ, ನಾನ್ ಕಾಯ್ತೀನಿ" ಅಂದ್ಲು. ನಿಜ್ವಾಗ್ಲೂ ಕಾದ್ಲು. ಒಬ್ರೂ ಏಳ್ಲಿಲ್ಲ. ಎಗ್ಸಾಮಿನರು "ಮುಂದುವರಿಸಮ್ಮ" ಅಂದ್ರು.

ಆಮೇಲೆ ಮಾತಾಡಿದ್ಲು ನೋಡು. ಕಬ್ಬು ಒರೋದು, ಸಿಪ್ಪೆ ಒಣಗ್ಸೋದು, ಕೊಪ್ಪರಿಗೆ ಕೆಳ್ಗೆ ಉರಿ ಆಕೋದು, ಎಲ್ಲಾ. ಗಂಡಸ್ರು ಮಾಡಿದ್ರೆ ಅದನ್ನ ಕೆಲ್ಸ ಅಂತಾರೆ, ಎಂಗಸ್ರು ಮಾಡಿದ್ರೆ "ಕೈ ಜೋಡ್ಸವ್ಳೆ" ಅಂತಾರೆ, ಆ ಒಂದ್ ಮಾತಿಂದ್ಲೇ ಕೂಲಿ ಅರ್ದ ಆಯ್ತದೆ ಅಂದ್ಲು. ಎಗ್ಸಾಮಿನರು ಬರ್ಕಂಡ್ರು. ನಾನು ಲೈಟ್ ನೋಡ್ತಿದ್ದೆ, ಬ್ಯಾಡ ಅಂದ್ರೂ ಕಣ್ಣು ಅಲ್ಲಿಗೇ ಓಯ್ತಿತ್ತು. ಅದು ಮತ್ತೆ ಅತ್ಕಳ್ಲೇ ಇಲ್ಲ.

ಕೊನೇಗೆ ಚಪ್ಪಾಳೆ. ಇದನ್ನ ಮೈಸೂರಲ್ಲಿ ನಡೆಯೋ ದೊಡ್ ಸೆಮಿನಾರಲ್ಲಿ ಓದ್ಬೇಕಮ್ಮ ಅಂದ್ರು ಎಗ್ಸಾಮಿನರು. ದೀಪಿಕ ಎಲ್ಲಾರ್ಗೂ ಥ್ಯಾಂಕ್ಸ್ ಯೋಳಿದ್ಲು. ಮೇಡಂಗೆ, ಅವ್ರವ್ವಂಗೆ, ಆಮೇಲೆ "ಪಟ್ಟಲಮ್ಮಂಗೆ" ಅಂದ್ಲು. ಬಾಗ್ಲು ತಾವ ನಿಂತಿದ್ದ ಅವಮ್ಮ ಸೆರಗಲ್ಲಿ ಮುಖ ಮುಚ್ಕತು. ನನ್ನೆಸ್ರು ಬರ್ಲಿಲ್ಲ. ಬರ್ಲಿಲ್ವಲ್ಲ ಅಂತ ಬೇಜಾರಿಲ್ಲ. ಬಂದ್ಬುಟ್ಟಿದ್ರೆ ಎಲ್ಲಿ ಸಾಯೋದು ಅಂತಿತ್ತು.

ಎಲ್ಲಾ ಓದ್ಮೇಲೆ ವೈರ್ ಸುತ್ತುತಾ ಇದ್ದೆ. ಅವ್ಳು ಬಂದು ನಿಂತ್ಲು.

"ಅವ್ರು ನಕ್ಕಿದ್ದು ನಂಗ್ ಅರ್ತ ಆಯ್ತದೆ. ನೀವ್ ಯಾಕಣ್ಣ ನಕ್ರಿ?"

"ಮೈಕ್ ಆನ್ ಇರೋದು ಗೊತ್ತಿರ್ಲಿಲ್ಲ" ಅಂದೆ.

"ನಾನ್ ಮೈಕಿನ್ ವಿಸ್ಯ ಕೇಳ್ಲಿಲ್ಲ."

ಯಾವನ್ ಏನಂದ್ರೂ ತಿರುಗ್ಸಿ ಅನ್ನೋ ಬಾಯಿ ಇದು. ವೈರ್ ಸುತ್ತುತಾನೇ ಇದ್ದೆ. ಅವ್ಳು "ಮೈಸೂರಿಗೆ ರೆಡಿಯಾಗ್ಬೇಕು, ಸೋಮವಾರ ಮದ್ಯಾನ ಬತ್ತೀನಿ. ಅವಾಗ್ಲಾರ ಯೋಳಿ" ಅಂದ್ಬುಟ್ಟು ಓದ್ಲು. ಬೈದಿದ್ರೆ ಚೆನ್ನಾಗಿತ್ತು.

ಸೋಮವಾರ ನಾನ್ ಓಗ್ಲಿಲ್ಲ. ಬೀಗದ ಕೈ ಜೇಬಲ್ಲೇ ಉಳ್ಕತು. ಮದ್ಯಾನ ಪಟ್ಟಲಮ್ಮ ಫೋನ್ ಮಾಡ್ತು.

"ಎಲ್ ಸತ್ತಿದ್ದೀಯ?"

"ಮದ್ದೂರಲ್ಲಿ."

"ಆ ಮಗ ಬಂದು ಆಲ್ ಬಾಗ್ಲಲ್ಲಿ ಕುಂತದೆ."

"ಆಫೀಸಲ್ಲಿ ಇನ್ನೊಂದ್ ಕೀ ಅದೆ, ಇಸ್ಕಂಡ್ ತೆಗಿ."

"ಇಸ್ಕಂಡ್ ಬಂದೆ. ತೆಗಿತೀನಿ ಬಾ ಅಂದೆ. ಬ್ಯಾಡ, ಅಣ್ಣ ಬಂದೇ ತೆಗೀಲಿ ಅಂತು. ಏನೋ ಕೇಳದದಂತೆ ನಿನ್ನ."

ನೆನ್ನೇನೂ ಕುಂತಿದ್ಲಂತೆ. ಇವತ್ತೂ ಕುಂತವ್ಳಂತೆ. ಮೈಸೂರಿನ್ ಸೆಮಿನಾರು ಅತ್ರ ಬತ್ತಾ ಅದೆ, ಅವ್ಳು ಒಂದ್ ದಿನಾನೂ ಮೈಕ್ ಮುಂದೆ ನಿಂತಿಲ್ಲ. ನಾನಿಲ್ಲಿ ಅವಿತ್ಕಂಡು ಕುಂತ್ರೆ ಅಲ್ಲಿ ಅವ್ಳು ಕೆಡ್ತಾಳೆ. ಇವತ್ತು ಪಟ್ಟಲಮ್ಮನ್ನ ಕೇಳ್ದೆ, "ನಾನು ಅವತ್ತು ಕಸ ಗುಡ್ಸು ಅಂದ್ನಲ್ಲ, ನಿಂಗೆ ಕ್ವಾಪ ಇಲ್ವಾ?" ಅಂತ. "ಅದೆ. ಅದಕ್ಕೇ ಬಾ ಅಂತಿರೋದು. ಬೈಯ್ಯಾಕ್ ಎದುರ್ಗೆ ಒಬ್ಬ ಬ್ಯಾಡ್ವಾ?" ಅಂತು.

ನಾಳೆ ಬೆಳಿಗ್ಗೆ ಬಸ್ಸಿಗೆ ಓಯ್ತೀನಿ ಅಕ್ಕ. ಸೂಪರ್‌ವೈಜರು ಬೈದ್ರೆ ಬೈಸ್ಕತೀನಿ. ಬಾಗ್ಲು ತೆಗಿತೀನಿ. ಆಂಪ್ಲಿಫೈಯರ್ನ ಗೋಡೆ ಕಡೆ ತಿರುಗ್ಸಿ ಮಡಗ್ತೀನಿ. ಬಾವಂಗೆ ಇಷ್ಟ್ ಮಾತ್ರ ಯೋಳು, ತಮ್ಮ ಕೆಲ್ಸಕ್ ಓದ ಅಂತ. ಒಂಬಾಳಮ್ಮಂಗೆ ಏನೂ ಯೋಳ್ಬ್ಯಾಡ. ಅರುಂಧತಿ ಮರಿಗೆ ಮಾವನ್ ಮುತ್ತು, ಚೆನ್ನಾಗ್ ಓದ್ಲಿ, ಯಾರು ಏನಂದ್ರೂ ಬಾಯಿ ಮುಚ್ಕಳ್ದೇ ಬೆಳೀಲಿ. ನೀನು ಔಸ್ದಿ ಸರ್ಯಾಗ್ ತಕೊ.

ನಿನ್ ತಮ್ಮ
ಸಿದ್ದೇಶ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಾಕ್ ಆಗ್ಲಿಲ್ಲ. ಮೇಷ್ಟ್ರು ಒಡೆದ್ರು ಅದಕ್ಕೇ ನನ್ ತಮ್ಮ ಇಸ್ಕೂಲ್ ಬುಟ್ಟ ಅಂತ ನೀನು ಇವತ್ಗೂ ಎಲ್ಲಾರ್ಗೂ ಯೋಳ್ತೀಯ. ಒಡೆದದ್ದಕ್ಕಲ್ಲ ಕಣಕ್ಕ. ಅವ್ವ ತೀರೋದ್ಮೇಲೆ ಮೇಷ್ಟ್ರು ಕರೆಸಿದ್ರೆ ನೀನೇ ಬತ್ತಿದ್ದೆ. ಅವತ್ತೂ ಬಂದಿದ್ದೆ. ನಿನ್ ಮುಂದೆ ಅವ್ರು ನನ್ನ ನಿಲ್ಸಿ "ಹಸು ಹಾಲು ಕೊಡುತ್ತದೆ" ಅನ್ನು ಅಂದ್ರು. ನಾನು "ಅಸು ಆಲು" ಅಂದೆ. ಅವ್ರು ನಕ್ರು. ಅವ್ರು ದಿನಾ ನಗೋರು, ನಂಗೇನೂ ಆಗ್ಲಿಲ್ಲ. ಪಕ್ಕದಲ್ ನೀನು ವೇಲು ಬಾಯಿಗ್ ಇಟ್ಕಂಡು ನಕ್ಕೆ. ಮಾರ್ನೆ ದಿನದಿಂದ ನಾನ್ ಓಗ್ಲಿಲ್ಲ. ನಿಂಗೂ ಹ ಬರಲ್ಲ ಅಕ್ಕ. ಬೈಯ್ಯಾಕೆ ಬರೀತಿಲ್ಲ, ಆ ಯೋಗ್ಯತೆ ಸನಿವಾರ ಕಳ್ಕಂಡೆ. ಗೊತ್ತಾಗ್ದೆ ಕೇಳ್ತಿವ್ನಿ. ಯಾಕ್ ನಕ್ಕೆ? ಫೋನ್ ಮಾಡ್ಬ್ಯಾಡ, ಕಾಗ್ದದಲ್ಲಿ ಬರಿ. ಅಲ್ಲೀಗಂಟ ದೀಪಿಕಂಗೆ, ನಂಗೂ ಗೊತ್ತಿಲ್ಲ ಕಣಮ್ಮ, ನಮ್ಮಕ್ಕನ್ನ ಕೇಳಿವ್ನಿ ಅಂತ ಯೋಳಿರ್ತೀನಿ.